ಮನೆಯ ಬಾಗಿಲು, ಸಂಘದ ಕಡತ



ದೊಡ್ಡ ಅಪಾರ್ಟ್‌ಮೆಂಟ್ ಒಂದರಲ್ಲಿರುವ ನೆಂಟರ ಮನೆಗೆ ನೀವು ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಗೇಟಿನಲ್ಲಿ ಕಾವಲುಗಾರ ದಪ್ಪ ಪುಸ್ತಕವೊಂದನ್ನು ಮುಂದಿಡುತ್ತಾನೆ. ಹೆಸರು, ಫೋನ್ ನಂಬರು, ಯಾರ ಮನೆಗೆ, ಬಂದ ಹೊತ್ತು ಎಲ್ಲವನ್ನೂ ಬರೆಯಬೇಕು. ಬರೆಯುವಾಗ ನಿಮ್ಮ ಕಣ್ಣು ಮೇಲಿನ ಸಾಲುಗಳತ್ತ ಹೊರಳುತ್ತದೆ. ಯಾರ ಮನೆಗೆ ಯಾರು ಯಾವಾಗ ಬಂದರು ಎಂಬುದೆಲ್ಲ ಅಲ್ಲಿ ತೆರೆದಿದೆ. ಪುಸ್ತಕ ಸಂಘದ್ದು, ಸರಿ. ಆದರೆ ಅದರಲ್ಲಿರುವ ಮಾಹಿತಿ ಯಾರದು? ಈ ಪ್ರಶ್ನೆಗೆ ಒಂದು ಇತಿಹಾಸವಿದೆ.

ಒಂದೇ ಕಟ್ಟಡದಲ್ಲಿ ಒಂದೊಂದು ಮನೆಗೆ ಒಬ್ಬೊಬ್ಬ ಮಾಲೀಕ. ನೆಲ, ಮೆಟ್ಟಿಲು, ಚಾವಣಿ ಮಾತ್ರ ಎಲ್ಲರಿಗೂ ಸೇರಿದ್ದು. ಈ ಏರ್ಪಾಡನ್ನು ಅಮೆರಿಕದಲ್ಲಿ ಕಾಂಡೊಮಿನಿಯಂ ಎನ್ನುತ್ತಾರೆ. ಪೋರ್ಟೊ ರಿಕೊ ದ್ವೀಪ 1958ರಲ್ಲಿ ಇದಕ್ಕಾಗಿ ಕಾಯಿದೆ ಮಾಡಿತು. 1961ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇಂತಹ ಮನೆಗಳ ಸಾಲಕ್ಕೂ ವಿಮೆಯ ಭದ್ರತೆ ಒದಗಿಸಿದ ಮೇಲೆ ಅಲ್ಲಿನ ರಾಜ್ಯಗಳು ಒಂದೊಂದಾಗಿ ಕಾಯಿದೆ ರಚಿಸಿದವು. ಕೆನಡಾದ ಒಂಟಾರಿಯೊ ಪ್ರಾಂತದ ಮೊದಲ ಕಾಯಿದೆ 1967ರದು. ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ತಳಹದಿಯೂ ಇದೇ ತತ್ತ್ವ.

ಸ್ವತ್ತು ಜಂಟಿಯಾದೊಡನೆ ಅದನ್ನು ನೋಡಿಕೊಳ್ಳಲು ಮಾಲೀಕರ ಸಂಘವೊಂದು ಬೇಕಾಯಿತು. ಅದು ಒಂದು ಪುಟ್ಟ ಪಂಚಾಯಿತಿಯಂತೆ: ಹಣ ವಸೂಲು ಮಾಡುತ್ತದೆ, ಚುನಾವಣೆ ನಡೆಸುತ್ತದೆ, ನಿಯಮ ಹೇರುತ್ತದೆ. ಹೆಸರು, ವಿಳಾಸಗಳಿಲ್ಲದೆ ಇದಾವುದೂ ನಡೆಯದು. ಇನ್ನೊಂದು ಮಾತನ್ನೂ ಗಮನಿಸಿ. ಸಮಿತಿ ಲೆಕ್ಕ ತಪ್ಪಿದರೆ ಸದಸ್ಯರು ಒಟ್ಟುಗೂಡಿ ಕೇಳಬೇಕು. ಸದಸ್ಯರ ಪಟ್ಟಿ ಸಮಿತಿಯ ಬೀರುವಿನಲ್ಲೇ ಬೀಗ ಹಾಕಿಕೊಂಡು ಕುಳಿತರೆ ಒಟ್ಟುಗೂಡುವುದು ಹೇಗೆ? ಆದ್ದರಿಂದ ಎಲ್ಲವನ್ನೂ ಮುಚ್ಚಿಡುವುದು ಪರಿಹಾರವಲ್ಲ. ಎಲ್ಲವನ್ನೂ ಬಿಚ್ಚಿಡುವುದೂ ಅಲ್ಲ.

ಒಂಟಾರಿಯೊ 1998ರ ತನ್ನ ಹೊಸ ಕಾಯಿದೆಯಲ್ಲಿ ಇಲ್ಲಿ ಒಂದು ಗೆರೆ ಎಳೆಯಿತು. ಸಂಘದ ಲೆಕ್ಕಪತ್ರ, ಸಭೆಯ ನಡವಳಿಗಳನ್ನು ಪ್ರತಿಯೊಬ್ಬ ಮಾಲೀಕನೂ ನೋಡಬಹುದು. ಆದರೆ ಇನ್ನೊಬ್ಬ ಮಾಲೀಕನಿಗೆ, ಅವನ ಮನೆಗೆ ಸಂಬಂಧಿಸಿದ ಕಡತವನ್ನು ನೋಡುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸದಸ್ಯರ ಪಟ್ಟಿ ಕೇಳುವವರು ಯಾವ ಉದ್ದೇಶಕ್ಕೆಂದು ತಿಳಿಸಬೇಕು. ತನ್ನ ವಿಳಾಸವನ್ನು ಯಾರಿಗೂ ಕೊಡಬೇಡಿ ಎಂದು ಸದಸ್ಯರು ಬರೆದುಕೊಡಬಹುದು. ಪಟ್ಟಿಯನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಒಟ್ಟು ತಾತ್ಪರ್ಯವಿಷ್ಟೆ: ಹಣದ ಲೆಕ್ಕ ಎಲ್ಲರದು, ಬದುಕಿನ ಲೆಕ್ಕ ಅವರವರದು.

ಇದರ ಹಿಂದಿರುವ ವಿಚಾರ ಇನ್ನೂ ಹಳೆಯದು. 1890ರಲ್ಲಿ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಅಮೆರಿಕದ ಇಬ್ಬರು ವಕೀಲರು ಖಾಸಗಿತನದ ಹಕ್ಕನ್ನು ಕುರಿತು ಲೇಖನವೊಂದನ್ನು ಬರೆದರು. ಥಟ್ಟನೆ ಚಿತ್ರ ತೆಗೆಯುವ ಕ್ಯಾಮೆರಾ, ಮನೆಯೊಳಗಿನ ಸುದ್ದಿಯನ್ನು ಬೀದಿಗೆ ತರುವ ಪತ್ರಿಕೆ ಇವು ಅವರನ್ನು ಚಿಂತೆಗೀಡು ಮಾಡಿದ್ದವು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಬಾಗಿಲು ತಟ್ಟಿದ್ದು ಅಕ್ಷರಶಃ ರಾತ್ರಿಯ ಹೊತ್ತು. ಉತ್ತರ ಪ್ರದೇಶದ ಪೊಲೀಸರು ನಿಗಾ ಇಡುವ ನೆಪದಲ್ಲಿ ಖರಕ್ ಸಿಂಗ್ ಎಂಬುವರ ಮನೆಗೆ ರಾತ್ರಿ ನುಗ್ಗುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳನ್ನು ರದ್ದುಗೊಳಿಸಿತು. ಆದರೂ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂದು ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಅದು ವೈಯಕ್ತಿಕ ಸ್ವಾತಂತ್ರ್ಯದ ಅಂಗವೇ ಎಂದರು. ಅವರ ಮಾತು ಗೆಲ್ಲಲು 55 ವರ್ಷ ಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಮೂಲಭೂತ ಹಕ್ಕುಗಳ ಮುಖ್ಯ ರಕ್ಷಣೆ ಸರ್ಕಾರದ ಎದುರು. ಮಾಹಿತಿಯನ್ನು ಕಲೆಹಾಕುವ ಇತರರಿಗೂ ಹೊಣೆ ಹೊರಿಸಲು ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದು, ಹಂತ ಹಂತವಾಗಿ ಜಾರಿಗೆ ತರುವ ಏರ್ಪಾಡಾಯಿತು. ಯಾವ ಉದ್ದೇಶಕ್ಕೆಂದು ಹೇಳಿ ಮಾಹಿತಿ ಪಡೆದಿರೋ ಅದಕ್ಕೇ ಬಳಸಿ ಎಂಬುದು ಅದರ ತಿರುಳು.

ಈಗ ಗೇಟಿನ ಬಳಿಗೆ ಮರಳೋಣ. ಮಾಲೀಕರಾದರೋ ಸಭೆಯಲ್ಲಿ ಎದ್ದು ನಿಂತು ಆಕ್ಷೇಪಿಸಬಹುದು. ಮನೆಗೆಲಸಕ್ಕೆ ಬರುವ ಹೆಂಗಸಿನ ಭಾವಚಿತ್ರ, ಬಂದುಹೋಗುವ ವೇಳೆ, ಎಷ್ಟು ಮನೆಗಳಲ್ಲಿ ದುಡಿಯುತ್ತಾಳೆ ಎಂಬ ವಿವರವೂ ಅದೇ ಸಂಘದ ಮೊಬೈಲಿನಲ್ಲಿರಬಹುದು. ಆಕೆಗೆ ಆ ಸಭೆಯಲ್ಲಿ ಕುರ್ಚಿಯೇ ಇಲ್ಲ. ಬಾಕಿ ಉಳಿಸಿಕೊಂಡವರ ಹೆಸರನ್ನು ಲಿಫ್ಟಿನ ಗೋಡೆಗೆ ಅಂಟಿಸುವುದು ಲೆಕ್ಕ ಒಪ್ಪಿಸುವುದೋ, ಮಾನ ಕಳೆಯುವುದೋ? ಲಿಫ್ಟಿನಲ್ಲಿ ಹೋಗುವ ಅತಿಥಿಗೆ ಆ ಪಟ್ಟಿಯಿಂದ ಆಗಬೇಕಾದದ್ದೇನು?

ನಿಮ್ಮ ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ, ಬೀದಿಯ ಸಂಘದಲ್ಲಿ ಯಾವ ಯಾವ ಪುಸ್ತಕಗಳಿವೆ, ಒಮ್ಮೆ ನೋಡಿ ಬನ್ನಿ. ಇದು ಏಕೆ ಬೇಕು, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ? ಈ ಮೂರು ಪ್ರಶ್ನೆಗಳನ್ನು ಸೌಜನ್ಯದಿಂದಲೇ ಕೇಳಿ. ನಾಳೆ ನೀವೇ ಒಂದು ಸಂಘದ ಕಾರ್ಯದರ್ಶಿಯಾದಾಗ, ಇನ್ನೊಬ್ಬರು ಕೇಳುವ ಮುನ್ನವೇ ಅವಕ್ಕೆ ಉತ್ತರ ಬರೆದಿಡಿ.