ಒಂದ ಗ್ವಾಡಿ ದಾಟಲಿಕ್ಕೆ ಅರವತ್ತು ವರ್ಷ

ಮೊನ್ನೆ ಎದುರು ಮನಿ ವೈನಿ ಸಾರಿಗೆ ಹುಣಸಿಹಣ್ಣು ಇಸಗೊಳ್ಳಿಕ್ಕೆ ಬಂದವರು ನಮ್ಮ ಅತ್ತಿಯವರ ಖೋಲ್ಯಾಗ ಹಣಿಕಿ ಹಾಕಿದ್ರು. ಟಿವಿ ನಡದಿತ್ತು. ಟಿವಿ ಹಿಂದ ನೋಡಿದ್ರು, ಗ್ವಾಡಿ ನೋಡಿದ್ರು, ಮ್ಯಾಲೆ ತೊಲಿ ನೋಡಿದ್ರು. ‘ಅಲ್ರೀ, ಇದಕ್ಕ ಕೇಬಲ್ ಎಲ್ಲಿಂದ ಎಳದೀರಿ? ಒಂದು ವೈರೂ ಕಾಣವಲ್ತು’ ಅಂದ್ರು. ಪಡಸಾಲ್ಯಾಗಿನ ಡಬ್ಬಿಯಿಂದನ ಬರ್ತದ, ಗಾಳಿ ಮ್ಯಾಲೆ ಬರ್ತದ ಅಂದೆ. ಅವರು ನಕ್ಕುಬಿಟ್ರು. ಆದ್ರ ಸುಮ್ಮನ ಕೇಳಿದ್ದಲ್ಲ ಅವರು. ಅವರ ತಾಯಿ ಇನ್ನ ಮ್ಯಾಲೆ ಇಲ್ಲೇ ಇರಲಿಕ್ಕೆ ಬರೋರಿದ್ದಾರ, ಹಿಂದಿನ ಖೋಲಿ ಸುಣ್ಣಾ ಬಣ್ಣಾ ಮಾಡಸ್ಲಿಕ್ಕೆ ಹತ್ಯಾರ. ನಿಂತ ನಿಂತಲ್ಲೆ ಹೇಳೋ ಮಾತಲ್ಲ ವೈನಿ, ಬರದು ಕಳಸ್ತೀನಿ ಅಂದೆ.

ಬರೀಲಿಕ್ಕೆ ಕೂತ ಮ್ಯಾಲೆ ಹೊಳೀತು, ಈ ಅಂಗೈ ಅಗಲದ ಡಬ್ಬಿ ಕಥಿ ಹೇಳಬೇಕಂದ್ರ ನಮ್ಮ ಮನಿ ಹೆಣಮಕ್ಕಳ ಟಿವಿ ಕಥಿನ ಹೇಳಬೇಕಾಗ್ತದ. ಚಿತ್ರ ದಿಲ್ಲಿ ಬಿಟ್ಟು ನಮ್ಮ ಪಡಸಾಲಿಗೆ ಬರಲಿಕ್ಕೆ 27 ವರ್ಷ ತಗೊಂಡ್ತು. ಪಡಸಾಲಿಯಿಂದ ಒಳಗಿನ ಖೋಲಿಗೆ ಬರಲಿಕ್ಕೆ 32 ವರ್ಷ! ನಡಕ ಇದ್ದದ್ದು ಒಂದ ಗ್ವಾಡಿ.

ನಮ್ಮ ದೇಶದಾಗ ಟಿವಿ ಸುರು ಆದದ್ದು 1959ರ ಸೆಪ್ಟೆಂಬರ್ 15ಕ್ಕ, ದಿಲ್ಲ್ಯಾಗ, ಪ್ರಯೋಗ ಅಂತ. ನಮ್ಮ ಕಡೆ ಮಂದಿ ಮೊದಲ ಟಿವಿ ನೋಡಿದ್ದು ಬೆಂಗಳೂರಾಗ ಅಲ್ಲ, ಇದು ಭಾಳ ಮಂದಿಗೆ ಗೊತ್ತಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕಾದ ನಾಸಾದವರ ಎಟಿಎಸ್-6 ಅನ್ನೋ ಉಪಗ್ರಹಾನ ನಮ್ಮ ಇಸ್ರೋದವರು ಹಳ್ಳಿ ಟಿವಿಗೆ ಬಳಸಿದ್ರು. ‘ಸೈಟ್’ ಅಂತ ಅದರ ಹೆಸರು. ಆರು ರಾಜ್ಯದ ಸುಮಾರು 2,400 ಹಳ್ಳಿ ಆರಿಸಿದ್ರು, ಕರ್ನಾಟಕದಾಗ ಗುಲ್ಬರ್ಗಾ, ಬಿಜಾಪುರ, ರಾಯಚೂರ ಜಿಲ್ಲಾ. ಸಾಲಿಗೋ ಪಂಚಾಯ್ತಿ ಕಟ್ಟಡಕ್ಕೋ ಒಂದು ಟಿವಿ, ಹೊರಗ ತಂತಿ ಬಲಿಯ ಹತ್ತು ಫೂಟಿನ ಛತ್ರಿ. ಮುಂಜಾನೆ ಒಂದೂವರಿ ತಾಸು ಸಾಲಿ ಹುಡುಗೂರಿಗೆ, ಸಂಜಿಮುಂದ ಎರಡೂವರಿ ತಾಸು ಊರ ಮಂದಿಗೆ, ಅದರಾಗ ಕನ್ನಡದ್ದೂ ಇರ್ತಿತ್ತು.

ವಿಚಾರ ಮಾಡ್ರಿ, ಚಿತ್ರ 36,000 ಕಿಲೋಮೀಟರ್ ಮ್ಯಾಲಿಂದ ಇಳದು ಬಂತು. ಬಂದು ಎಲ್ಲೆ ನಿಂತ್ತು? ಚಾವಡಿ ಮುಂದ. ಸಂಜಿಮುಂದ ಅಂದ್ರ ನಮಗ ರೊಟ್ಟಿ ಬಡಿಯೋ ಹೊತ್ತು. ನಮ್ಮ ಅತ್ತಿಯವರ ತಂಗಿನ್ನ ಬಿಜಾಪುರ ಕಡೆ ಕೊಟ್ಟಿದ್ರು, ಅವರ ಹಳ್ಳ್ಯಾಗೂ ಆ ಟಿವಿ ಬಂದಿತ್ತಂತ. ‘ಕಟ್ಟಿ ಮ್ಯಾಲೆ ಗಂಡಸೂರು, ನೆಲದ ಮ್ಯಾಲೆ ಹುಡುಗೂರು, ನಾವು ಒಲಿ ಆರಿಸಿ ಹೋಗೋದ್ರಾಗ ಮುಗದೇ ಹೋಗ್ತಿತ್ತು’ ಅಂತಿದ್ರು ಚಿಗವ್ವ.

1981ರ ನವೆಂಬರದಾಗ ಬೆಂಗಳೂರು ದೂರದರ್ಶನ ಸುರು ಆತು. 1982ರಾಗ ದಿಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂತು. 1984ರಿಂದ ಊರೂರಿಗೆ ಸಣ್ಣ ಪ್ರಸಾರ ಕಂಬ ನಿಲ್ಲಿಸಿದ್ರು. ನಮ್ಮ ಮನಿಗೆ, ಅಂದ್ರ ಧಾರವಾಡದ ಈ ಎರಡು ಫೂಟು ದಪ್ಪ ಗ್ವಾಡಿ ಹಳೇ ಮನಿಗೆ, ಟಿವಿ ಬಂದದ್ದು 1986ರಾಗ. ಮಾಳಗಿ ಮ್ಯಾಲೆ ಮೀನಿನ ಎಲುಬಿನಂಥ ಆಂಟೆನಾ. ಗಾಳಿ ಬಂದ್ರ ತಿರಗ್ತಿತ್ತು. ಒಬ್ಬರು ಮ್ಯಾಲೆ ಹತ್ತಿ ತಿರಗಸೋದು, ಒಬ್ಬರು ಅಂಗಳದಾಗ ನಿಂತು ‘ಬಂತು, ಬಂತು, ಹೋತು’ ಅಂತ ಒದರೋದು.

ಆಮ್ಯಾಲೆ 1987ರ ಜನೆವರಿ 25ಕ್ಕ ರಮಾನಂದ ಸಾಗರರ ರಾಮಾಯಣ ಸುರು ಆತು. ರವಿವಾರ ಮುಂಜಾನೆ ಒಂಬತ್ತೂವರಿಗೆ ಓಣಿಗೆ ಓಣಿನ ನಮ್ಮ ಪಡಸಾಲ್ಯಾಗ. ಟಿವಿಗೆ ಕುಂಕುಮ ಹಚ್ಚಿ, ಹೂವಿನ ಮಾಲಿ ಹಾಕಿ ಕೂಡ್ತಿದ್ರು. ನಾನು ಆಗ ಹೊಸಾ ಸೊಸಿ. ಇಪ್ಪತ್ತು ಮೂವತ್ತು ಮಂದಿಗೆ ಚಹಾ ಅವಲಕ್ಕಿ ಆಗಬೇಕಲ್ಲ? ಅತ್ತಿಯವರು ಅಡಗಿ ಮನಿ ಬಿಟ್ಟು ಬರ್ತಿರಲಿಲ್ಲ. ‘ನೀ ಹೋಗು, ಸಣ್ಣಾಕಿ, ನೋಡು’ ಅಂತ ನನ್ನ ಕಳಸ್ತಿದ್ರು. ‘ಸೌಂಡ ಅಷ್ಟು ದೊಡ್ಡದ ಮಾಡು, ನನಗ ಕೇಳಸ್ತದ’ ಅಂತಿದ್ರು. ಹಿಂಗ ಒಂದೂವರಿ ವರ್ಷ ಇಡೀ ರಾಮಾಯಣ ಅವರು ಗ್ವಾಡಿ ಆಚಿಂದ ಕೇಳಿದ್ರು. ಹಿಂದಿ ಬರ್ತಿರಲಿಲ್ಲ, ದನಿ ಮ್ಯಾಲೆ ಯಾರು ಅಂತ ಗುರುತು ಹಿಡೀತಿದ್ರು. ಒಬ್ಬರೂ, ನಾನೂ ಸೈತ, ‘ಟಿವಿನ್ನ ಸ್ವಲ್ಪ ಈ ಕಡೆ ತಿರಗಸೋಣು’ ಅನ್ನಲಿಲ್ಲ.

1991ರ ಆಸುಪಾಸು ಕೇಬಲ್ ಬಂತು. ಅದು ಒಂದು ರೀತಿ ಛಲೋ ಇತ್ತು. ಕರಿ ವೈರಿನ ತುದಿಗೆ ಸಣ್ಣ ಸ್ಪ್ಲಿಟರ್ ಹಾಕಿದ್ರ ಎರಡು ಟಿವಿ ಆಗ್ತಿದ್ವು, ಯಾವ ಚಾನಲ್ ಬೇಕೋ ಅದನ್ನ ಆ ಟಿವಿನ ಆರಿಸಿಕೊಳ್ತಿತ್ತು. ಒಳಗಿನ ಖೋಲಿಗೂ ಒಂದು ಟಿವಿ ಇಡಬಹುದಿತ್ತು. ಇಡಲಿಲ್ಲ, ಅದು ಬ್ಯಾರೆ ಮಾತು. ಮುಂದ 2012ರಿಂದ 2017ರ ತನಕ ಹಂತ ಹಂತವಾಗಿ ಎಲ್ಲಾ ಕೇಬಲ್ ಡಿಜಿಟಲ್ ಆತು, ಮೊದಲ ಮಹಾನಗರಗಳು, ಆಮ್ಯಾಲೆ ನಮ್ಮಂಥ ಊರು. ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆತು. ಈಗ ಚಾನಲ್ ಆರಿಸೋದು ಟಿವಿ ಅಲ್ಲ, ಡಬ್ಬಿ. ಅದರಿಂದ ಹೊರಗ ಬರೋದು ಒಂದ ಚಿತ್ರ. ಎರಡನೇ ಟಿವಿಗೆ ಎರಡನೇ ಡಬ್ಬಿ, ತಿಂಗಳಾ ಎರಡನೇ ರೊಕ್ಕ. ಇಲ್ಲಾ ಅಂದ್ರ ಗ್ವಾಡಿಗೆ ತೂತು ಕೊರದು ಉದ್ದಾನ ಎಚ್‌ಡಿಎಂಐ ವೈರು. 2002ರಾಗ ಬಂದ ಈ ವೈರು ಚಿತ್ರ ಧ್ವನಿ ಎರಡೂ ಒಂದರಾಗ ಒಯ್ತದ, ಆದ್ರ ಭಾಳ ಉದ್ದ ಆದ್ರ ಚಿತ್ರ ಕೈ ಕೊಡ್ತದ.

2018ರಾಗ ಅತ್ತಿಯವರು ಬಚ್ಚಲದಾಗ ಜಾರಿ ಬಿದ್ದು ಟೊಂಕದ ಎಲುಬು ಮುರಕೊಂಡ್ರು. ಆಪರೇಶನ್ ಆತು, ಆದ್ರ ಪಡಸಾಲಿ ತನಕ ನಡೀಲಿಕ್ಕೆ ಆಗಲಿಲ್ಲ. ಇಡೀ ದಿನಾ ಹಿಂದಿನ ಖೋಲ್ಯಾಗ ಗ್ವಾಡಿ ನೋಡಕೋತ ಮಲಗೋರು. ಒಂದಿನಾ ‘ಟಿವಿ ಸೌಂಡ ದೊಡ್ಡದ ಮಾಡ’ ಅಂದ್ರು. ನನಗ ಹೊಟ್ಟ್ಯಾಗ ಕಲಸಿದಂಗಾತು. ಮತ್ತ ಅದೇ ಮಾತು! ಮಗಗ ಹೇಳಿದೆ, ಏನರ ಮಾಡು, ಈ ಸಲ ಅವರಿಗೆ ಕಾಣಸಬೇಕು ಅಂತ. ಆಂವ ಈ ವೈರ್‌ಲೆಸ್ ವಿಡಿಯೋ ಎಕ್ಸ್‌ಟೆಂಡರ್ ತರಿಸಿದ.

ಗಾಳಿ ಮ್ಯಾಲೆ ಗ್ವಾಡಿ ದಾಟಿಸೋ ವಿದ್ಯಾ ಹೊಸದಲ್ಲ. 1895ರಾಗ ಕಲಕತ್ತಾ ಟೌನ್ ಹಾಲ್‌ನಾಗ ಜಗದೀಶಚಂದ್ರ ಬೋಸರು ವೈರಿಲ್ಲದ ತರಂಗಾನ ಗ್ವಾಡಿ ದಾಟಿಸಿ ಆಚೆ ಘಂಟಿ ಬಾರಿಸಿ ತೋರಿಸಿದ್ರು. ಆದ್ರ ಘಂಟಿ ಬಾರಸೋದು ಬ್ಯಾರೆ, ಚಿತ್ರ ಕಳಸೋದು ಬ್ಯಾರೆ. ತೆರಂಗ ಹೋಗಲಿಕ್ಕೆ ದಾರಿ ಬೇಕು, ಆ ದಾರಿಗೆ ಸರ್ಕಾರದ ಪರವಾನಿಗಿ ಬೇಕು. 2.4 ಗಿಗಾಹರ್ಟ್ಜ್ ಅನ್ನೋ ದಾರಿ ಮಾತ್ರ ಮೊದಲಿಂದ ಕೆಲಸದ ಯಂತ್ರಗಳಿಗೆ ಬಿಟ್ಟದ್ದು, ಮೈಕ್ರೋವೇವ್ ಒಲಿ ನಡಿಯೋದು ಅಲ್ಲೇ. 1985ರಾಗ ಅಮೆರಿಕಾದವರು ಅಲ್ಲೆ ಪರವಾನಿಗಿ ಇಲ್ಲದ ಮಾತುಕತಿನೂ ನಡೀಲಿ ಅಂದ್ರು. ಅದರಿಂದನ ಮುಂದ ವೈಫೈ ಬಂತು. ನಮ್ಮ ಸರ್ಕಾರ 2005ರಾಗ ಬಾಗಲಾ ತಗೀತು.

ಮೊದಲಿನ ವಿಡಿಯೋ ಕಳಸೋ ಡಬ್ಬಿಗಳು ಇದೇ ದಾರ್ಯಾಗ ಓಡಾಡ್ತಿದ್ವು. ಕೆಂಪು, ಬಿಳಿ, ಹಳದಿ ಪಿನ್ನಿನ ವೈರು ಹಾಕೋವು, ನೆನಪದ ಅಲ್ಲ? ಅಡಗಿ ಮನ್ಯಾಗ ಮೈಕ್ರೋವೇವ್ ಹಚ್ಚಿದ್ರ ಚಿತ್ರ ಗಡಗಡ ನಡಗ್ತಿತ್ತು. ಅದಕ್ಕ ಈಗಿನ ಛಲೋ ಡಬ್ಬಿ 5 ಗಿಗಾಹರ್ಟ್ಜ್ ದಾರಿ ಹಿಡೀತಾವ. 2008ರಾಗ 60 ಗಿಗಾಹರ್ಟ್ಜ್ ದಾರಿದೂ ಒಂದು ಪದ್ಧತಿ ಬಂತು, ಚಿತ್ರ ಲಖಲಖ, ಆದ್ರ ಗ್ವಾಡಿ ದಾಟೂದಿಲ್ಲ. ವೈನಿ, ನೀವು ತಗೊಳ್ಳೋವಾಗ ಇದೊಂದು ಕೇಳ್ರಿ.

ಇನ್ನೊಂದು ತೊಡಕು ಚಿತ್ರದ ಭಾರ. ಒಂದು ಫುಲ್ ಎಚ್‌ಡಿ ಚಿತ್ರದಾಗ 1920 ಅಡ್ಡ, 1080 ಉದ್ದ ಚುಕ್ಕಿ. ಒಂದೊಂದು ಚುಕ್ಕಿ ಬಣ್ಣಕ್ಕ 24 ಬಿಟ್, ಸೆಕೆಂಡಿಗೆ 60 ಚಿತ್ರ. ಗುಣಿಸಿದ್ರ ಸೆಕೆಂಡಿಗೆ ಹತ್ತಿರ ಹತ್ತಿರ 300 ಕೋಟಿ ಬಿಟ್! ಅಷ್ಟನ್ನ ಬಿಡಿಸಿ ಒಯ್ಯೋದು ಮನಿ ಡಬ್ಬಿಗೆ ಆಗೂದಿಲ್ಲ. ಅದಕ್ಕ ಒಂಬತ್ತು ಮಳದ ಸೀರಿ ಘಳಿಗಿ ಹಾಕಿದಂಗ ಮಡಚಿ ಕಳಸ್ತದ, ಆ ಕಡೆ ಡಬ್ಬಿ ಬಿಚ್ತದ. ಎಚ್.264 ಅನ್ನೋ ಮಡಚೋ ಪದ್ಧತಿ 2003ರಾಗ ಬಂತು, ಭಾಳ ಡಬ್ಬಿಗಳಾಗ ಅದನ. ಮಡಚಿ ಬಿಚ್ಚೋದ್ರಾಗ ಒಂಚೂರು ತಡ ಆಗ್ತದ. ಕ್ರಿಕೆಟ್ ಇದ್ದಾಗ ಪಡಸಾಲ್ಯಾಗ ‘ಔಟ್’ ಅಂತ ಒದರತಾರ, ಅತ್ತಿಯವರ ಖೋಲ್ಯಾಗ ಬಾಲ್ ಇನ್ನೂ ಗಾಳ್ಯಾಗ ಇರ್ತದ.

ಜೋಡಸೋದು ಕಷ್ಟ ಇಲ್ಲ. ಸೆಟ್‌ಟಾಪ್ ಬಾಕ್ಸಿನ ಎಚ್‌ಡಿಎಂಐ ವೈರು ಕಳಸೋ ಡಬ್ಬಿಗೆ ಹಾಕ್ರಿ, ಆ ಡಬ್ಬಿಯಿಂದ ಇನ್ನೊಂದು ವೈರು ಪಡಸಾಲಿ ಟಿವಿಗೆ. ತಗೊಳ್ಳೋವಾಗ ಹಂಗ ಹೊರಗ ಹೋಗೋ ತೂತು ಅದ ಏನು ನೋಡ್ರಿ, ಇಲ್ಲಾ ಅಂದ್ರ ಪಡಸಾಲಿ ಟಿವಿ ಬಂದ್. ಇಸಗೊಳ್ಳೋ ಡಬ್ಬಿ ಒಳಗಿನ ಟಿವಿಗೆ. ಎರಡಕ್ಕೂ ಕರೆಂಟು. ಎರಡೂ ಒಂದನ್ನೊಂದು ಹುಡುಕಿಕೊಳ್ತಾವ.

ನಮ್ಮ ತಪ್ಪು ಕೇಳ್ರಿ. ಮೊದಲನೇ ದಿನ ಇಸಗೊಳ್ಳೋ ಡಬ್ಬಿನ್ನ ಕಬ್ಬಿಣದ ಕಪಾಟಿನ ಹಿಂದ ಇಟ್ವಿ, ಚಂದಾಗಿ ಮುಚ್ಚಿರ್ತದಂತ. ಚಿತ್ರ ತುಂಡು ತುಂಡು. ತೆರಂಗ ಮಣ್ಣಿನ ಗ್ವಾಡಿ ಹೆಂಗರ ದಾಟೀತು, ಕಬ್ಬಿಣ ದಾಟೂದಿಲ್ಲ. ಬಾಗಲಾ ಕಡೆ ಮಾರಿ ಮಾಡಿ ಎತ್ತರದ ಮಾಡದಾಗ ಇಟ್ಟ ಮ್ಯಾಲೆ ಸರಿ ಹೋತು. ಎರಡನೇ ತಪ್ಪು ನಂದು. ಧೂಳು ಕೂಡಬಾರದಂತ ಕ್ರೋಶಾ ಹಾಕಿದ ರುಮಾಲು ಹೊಚ್ಚಿದೆ. ಡಬ್ಬಿ ಕಾದು ಕೆಂಡ ಆತು, ರಿಮೋಟೂ ನಡೀಲಿಲ್ಲ. ರಿಮೋಟಿನದು ಕಣ್ಣಿಗೆ ಕಾಣದ ಬೆಳಕು, ಬಟ್ಟಿ ಹೊಚ್ಚಿದ್ರ ಸಿಗೂದಿಲ್ಲ, ಗ್ವಾಡಿನೂ ದಾಟೂದಿಲ್ಲ. ಅದಕ್ಕ ಒಳಗಿನ ಡಬ್ಬಿಗೆ ಒಂದು ಕಣ್ಣು ಇರ್ತದ. ರಿಮೋಟ್ ಒತ್ತಿದ್ದನ್ನ ಅದು ನೋಡಿ ಗಾಳಿ ಮ್ಯಾಲೆ ಪಡಸಾಲಿಗೆ ತಿಳಸ್ತದ, ಅಲ್ಲೆ ಸಣ್ಣ ವೈರಿನ ತುದಿಗಿರೋ ದೀಪ ಸೆಟ್‌ಟಾಪ್ ಬಾಕ್ಸಿನ ಮುಂದ ಮಿಣುಕ್ತದ. ಆ ದೀಪಾನ ಬಾಕ್ಸಿನ ಕಣ್ಣಿನ ಎದುರಿಗೆನ ಅಂಟಸಬೇಕು.

ಇಷ್ಟು ಆದ ಮ್ಯಾಲೆ ಖರೇ ಜಗಳ ಸುರು. ಡಬ್ಬಿ ಒಂದ, ಅಂದ್ರ ಎರಡೂ ಟಿವಿಗೆ ಅದೇ ಚಾನಲ್. ಅತ್ತಿಯವರಿಗೆ ಎರಡನೇ ರಿಮೋಟ್ ಕೊಟ್ವಿ. ಮಾವನವರು ಪಡಸಾಲ್ಯಾಗ ಬಾತ್ಮಿ ನೋಡ್ತಿದ್ರು, ತಟಕ್ಕನ ಧಾರಾವಾಹಿ ಬಂತು! ‘ಯಾರಂವ?’ ಅಂತ ಒದರಿದ್ರು. ಒಳಗಿಂದ ‘ನಾ’ ಅಂತ ದನಿ ಬಂತು. ಐವತ್ತು ವರ್ಷದ ಸಂಸಾರದಾಗ ಅವರು ಮಾವನವರ ಚಾನಲ್ ಬದಲಿ ಮಾಡಿದ್ದು ಅದೇ ಮೊದಲು. ಎರಡು ದಿನ ಮನಿ ಬಿಗಿ ಇತ್ತು. ಆಮ್ಯಾಲೆ ನಾನ ಕ್ಯಾಲೆಂಡರ ಹಿಂದ ಬರದು ಹಚ್ಚಿದೆ: ಮುಂಜಾನೆ ಅತ್ತಿಯವರದು, ರಾತ್ರಿ ಎಂಟರಿಂದ ಒಂಬತ್ತು ಬಾತ್ಮಿ, ಮ್ಯಾಚ್ ಇದ್ದ ದಿನ ಮೊದಲ ಕೇಳಬೇಕು. ಎರಡು ಟಿವಿಗೂ ಬ್ಯಾರೆ ಬ್ಯಾರೆ ಚಾನಲ್ ಬೇಕಂದ್ರ ಎಕ್ಸ್‌ಟೆಂಡರ್ ನಡಿಯೂದಿಲ್ಲ ವೈನಿ, ಎರಡನೇ ಬಾಕ್ಸ್ ಹಾಕ್ಸಿರಿ.

2020ರ ಮಾರ್ಚ್ 28. ಲಾಕ್‌ಡೌನ್. ದೂರದರ್ಶನದವರು ಅದೇ ರಾಮಾಯಣ ಮತ್ತ ಹಾಕಿದ್ರು. ಮುಂಜಾನೆ ಒಂಬತ್ತಕ್ಕ ನಾನು ಒಲಿ ಆರಿಸಿ ಅತ್ತಿಯವರ ಮಂಚದ ಮ್ಯಾಲೆ ಕೂತೆ. ಸ್ವಲ್ಪ ದಿನದ ಮ್ಯಾಲೆ ಕೈಕೇಯಿ ವರಾ ಬೇಡೋ ಪ್ರಸಂಗ ಬಂತು. ಅತ್ತಿಯವರು ದಿಟ್ಟಿಸಿ ನೋಡಿದ್ರು.

‘ಇಕಿ ಏನ ಕೈಕೇಯಿ? ಇಷ್ಟು ಛಂದ ಇದ್ದಾಳ? ಮೂವತ್ತಮೂರು ವರ್ಷ ನಾ ಆಕಿನ್ನ ಕುರೂಪಿ ಅಂತ ತಿಳದಿದ್ನಲ್ಲ’ ಅಂದ್ರು.

ನನಗ ನಗು ಬಂತು, ಅಳುನೂ ಬಂತು. ಏನೂ ಮಾತಾಡಲಿಲ್ಲ. ಅವರ ರಿಮೋಟ್ ತಗೊಂಡು ಸೌಂಡ ಕಡಿಮಿ ಮಾಡಿದ್ರು. ‘ಇನ್ನ ಅಷ್ಟು ಬ್ಯಾಡ, ಈಗ ಕಾಣಸ್ತದ’ ಅಂದ್ರು.

ವೈನಿ, ತಾಯಿ ಯಾವತ್ತು ಬರ್ತಾರ ಹೇಳ್ರಿ. ಡಬ್ಬಿ ತರೋ ಮೊದಲ ಮಂಚ ಎಲ್ಲೆ, ಕಪಾಟು ಎಲ್ಲೆ ಅಂತ ಒಮ್ಮೆ ನೋಡೋಣು. ಜೋಡಸ್ಲಿಕ್ಕೆ ನಾನೂ ಬರ್ತೀನಿ. ಮತ್ತ ಎರಡನೇ ರಿಮೋಟ್ ಮರೀಬ್ಯಾಡ್ರಿ.