ಒಬ್ಬಂಟಿ ವಾದಕನಿಗೊಂದು ತಾಳಯಂತ್ರ

ಬೇಸ್ ಗಿಟಾರ್ ಒಬ್ಬರೇ ಕುಳಿತು ನುಡಿಸಿ ರಂಜಿಸುವ ವಾದ್ಯವಲ್ಲ. ವೀಣೆಯವರಿಗೆ ಶ್ರುತಿಯೊಂದಿದ್ದರೆ ರಾಗ ಬೆಳೆಯುತ್ತದೆ. ಬೇಸ್ ನುಡಿಸುವವನ ಕೆಲಸವೇ ಬೇರೆ. ಡ್ರಮ್ಮಿನವನ ಕಾಲು ದೊಡ್ಡ ಡ್ರಮ್ಮನ್ನು ಹೊಡೆಯುವ ಕ್ಷಣಕ್ಕೆ ಇವನ ಬೆರಳು ತಂತಿಯ ಮೇಲಿರಬೇಕು. ಕೇಳುವವರಿಗೆ ಎರಡೂ ಸೇರಿ ಒಂದೇ ನಾದವಾಗಬೇಕು. ಆದ್ದರಿಂದ ಡ್ರಮ್ಮಿಲ್ಲದ ಅಭ್ಯಾಸವೆಂದರೆ ಅರ್ಧ ಅಭ್ಯಾಸ. ಆದರೆ ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಡ್ರಮ್ ಸೆಟ್ ಎಲ್ಲಿಡುವುದು, ಬಾರಿಸುವವನನ್ನು ದಿನವೂ ಎಲ್ಲಿಂದ ಕರೆತರುವುದು?

ನಮ್ಮ ಸಂಘದ ಕುಟುಂಬಗಳಲ್ಲಿ ಪಿಟೀಲು, ತಬಲಾ ಕಲಿಯುವ ಮಕ್ಕಳ ಜೊತೆಗೆ ಈಚೆಗೆ ಬೇಸ್ ಗಿಟಾರ್ ಹಿಡಿದವರೂ ಇದ್ದಾರೆ. ಅಭ್ಯಾಸಕ್ಕೆ ಯಾವ ಯಂತ್ರ ಕೊಡಿಸೋಣವೆಂದು ತಂದೆತಾಯಿಗಳು ವಿಚಾರಿಸುತ್ತಾರೆ. ಅಂಗಡಿಯವನು ಬೆಲೆಪಟ್ಟಿ ಮುಂದಿಡುತ್ತಾನೆ. ಅದಕ್ಕಿಂತ ಮುಂಚೆ ಈ ಯಂತ್ರಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ನೋಡುವುದು ಒಳ್ಳೆಯದು. ಬಹುಪಾಲು ಯಂತ್ರಗಳು ಬೇಸ್ ವಾದಕನನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವಲ್ಲ. ಒಂದಂತೂ ಅವನನ್ನೇ ಮನೆಗೆ ಕಳಿಸಲು ಹುಟ್ಟಿತು!

ಮೊದಲನೆಯದು ಮೆಟ್ರೊನೋಮ್. 1814ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಂಕೆಲ್ ಎಂಬಾತ ರೂಪಿಸಿದ ಲೋಲಕಕ್ಕೆ ಮರುವರ್ಷವೇ ಮೇಲ್ಜೆಲ್ ಎಂಬಾತ ಅಳತೆಪಟ್ಟಿ ಸೇರಿಸಿ ತನ್ನ ಹೆಸರಿಗೆ ಪೇಟೆಂಟ್ ಪಡೆದುಕೊಂಡ. ಬುದ್ಧಿ ಒಬ್ಬನದು, ಕೀರ್ತಿ ಇನ್ನೊಬ್ಬನದು. ಈ ಪದ್ಧತಿ ನಮ್ಮ ಕಚೇರಿಗಳಲ್ಲೂ ಅಪರಿಚಿತವೇನಲ್ಲ. ಮೆಟ್ರೊನೋಮ್ ವೇಗವನ್ನು ಹೇಳುತ್ತದೆಯೇ ಹೊರತು ನಡೆಯನ್ನು ಹೇಳುವುದಿಲ್ಲ. ಟಕ್ ಟಕ್ ಎಂಬುದರಲ್ಲಿ ಭಾರವಾದ ಪೆಟ್ಟು ಯಾವುದು, ಹಗುರವಾದದ್ದು ಯಾವುದು ಎಂಬ ಭೇದವಿಲ್ಲ.

ನಡೆಯನ್ನೇ ನುಡಿಸುವ ಯಂತ್ರ ಅಂಗಡಿಗೆ ಬಂದದ್ದು 1959ರಲ್ಲಿ. ಅಮೆರಿಕದ ವುರ್ಲಿಟ್ಜರ್ ಕಂಪನಿಯ ‘ಸೈಡ್‌ಮನ್’ ಒಂದು ಮರದ ಪೆಟ್ಟಿಗೆ. ಒಳಗೆ ಮೋಟಾರಿನಿಂದ ತಿರುಗುವ ತಟ್ಟೆ, ಅದರ ಮೇಲೆ ಸಂಪರ್ಕಬಿಂದುಗಳು, ಸದ್ದು ಹೊರಡಿಸಲು ರೇಡಿಯೋ ವಾಲ್ವುಗಳು. ಗುಂಡಿ ತಿರುಗಿಸಿದರೆ ವಾಲ್ಟ್ಸ್, ಟ್ಯಾಂಗೊ, ಫಾಕ್ಸ್‌ಟ್ರಾಟ್. ಆರ್ಗನ್ ನುಡಿಸುವವರ ಪಕ್ಕದಲ್ಲಿ ಇಡಲೆಂದು ಮಾಡಿದ್ದು ಅದು. ಆರ್ಗನ್ನಿನವನು ಮಂದ್ರಸ್ವರಗಳನ್ನು ತನ್ನ ಕಾಲಿನಿಂದಲೇ ಒತ್ತುತ್ತಾನೆ. ಅವನಿಗೆ ಬೇಸ್ ವಾದಕ ಬೇಡ, ಈಗ ಡ್ರಮ್ಮಿನವನೂ ಬೇಡ. ಹೊಟ್ಟೆಪಾಡಿಗೆ ಕುತ್ತು ಬಂತೆಂದು ಅಲ್ಲಿನ ವಾದಕರ ಯೂನಿಯನ್ನು ಚಿಂತೆಗೀಡಾಯಿತು.

ಅದೇ ಯಂತ್ರ ಟೋಕಿಯೋ ತಲುಪಿತು. ಕಾಟೊ ಎಂಬುವರು ಅಲ್ಲೊಂದು ನೈಟ್‌ಕ್ಲಬ್ ನಡೆಸುತ್ತಿದ್ದರು. ಅಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ ಒಸನಾಯ್ ಎಂಬುವರು ಸೈಡ್‌ಮನ್ ಜೊತೆಗೆ ನುಡಿಸಿ ಬೇಸತ್ತು, ಇದಕ್ಕಿಂತ ಉತ್ತಮವಾದುದನ್ನು ನಾನೇ ಮಾಡಬಲ್ಲೆನೆಂದರು. ಕಾಟೊ ಹಣ ಹಾಕಿದರು. 1963ರಲ್ಲಿ ಬಂದ ಅವರ ಯಂತ್ರದ ಹೆಸರು ‘ಡೊಂಕಾಮ್ಯಾಟಿಕ್’. ‘ಡೊನ್’, ‘ಕಾ’ ಎಂಬುವು ಪೆಟ್ಟಿನ ಸದ್ದನ್ನು ಬಾಯಲ್ಲಿ ಹೇಳುವ ಬಗೆ. ನಮ್ಮ ‘ತಕಧಿಮಿ’ ಇದ್ದಂತೆ. ಈ ಕಂಪನಿಯೇ ಮುಂದೆ ಕೊರ್ಗ್ ಆಯಿತು.

ಅವರ ಪ್ರತಿಸ್ಪರ್ಧಿ ಇಕುತಾರೊ ಕಕೆಹಾಶಿ. ಹದಿಹರೆಯದಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟು ಬದುಕಿದವರು. ಕಾಲವನ್ನು ಬಿಚ್ಚಿ ಜೋಡಿಸುವ ಕಸುಬು ಕೊನೆಯವರೆಗೂ ಬಿಡಲಿಲ್ಲವೆನ್ನಬೇಕು. 1972ರಲ್ಲಿ ರೋಲಂಡ್ ಕಂಪನಿ ಕಟ್ಟಿದರು. 1978ರ ಅವರ ಸಿ.ಆರ್.-78 ಯಂತ್ರದಲ್ಲಿ ಮೈಕ್ರೊಪ್ರೊಸೆಸರ್ ಇತ್ತು; ನುಡಿಸುವವನು ತನಗೆ ಬೇಕಾದ ನಡೆಯನ್ನು ತಾನೇ ಬರೆದಿಡಬಹುದಾಗಿತ್ತು. ಚಿಪ್ಪು ಬಂದದ್ದೇ ಪೆಟ್ಟಿಗೆ ಕುಗ್ಗತೊಡಗಿತು, ಬ್ಯಾಟರಿಯಲ್ಲೂ ನಡೆಯಿತು, ಚೀಲದಲ್ಲಿ ಹಿಡಿಯಿತು.

ಇಲ್ಲಿಗೇ ಬೇಸ್ ವಾದಕನ ಸರದಿ ಬಂತು, ಆದರೆ ತಲೆಕೆಳಗಾಗಿ. 1981ರಲ್ಲಿ ರೋಲಂಡಿನವರು ಜೋಡಿ ಪೆಟ್ಟಿಗೆಗಳನ್ನು ಹೊರತಂದರು. ಟಿ.ಆರ್.-606 ಡ್ರಮ್ ನುಡಿಸುವುದು, ಟಿ.ಬಿ.-303 ಬೇಸ್ ನುಡಿಸುವುದು. ಒಬ್ಬಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಇಬ್ಬರು ಪಕ್ಕವಾದ್ಯದವರನ್ನು ಒದಗಿಸುವುದು ಉದ್ದೇಶ. ಆದರೆ 303ರ ಸ್ವರ ನಿಜವಾದ ಬೇಸ್ ಗಿಟಾರಿನಂತೆ ಕೇಳಿಸಲೇ ಇಲ್ಲ, ಅದಕ್ಕೆ ಪಾಠ ಹೇಳಿಕೊಡುವುದೂ ತ್ರಾಸದಾಯಕ. 1984ಕ್ಕೆ ತಯಾರಿಕೆ ನಿಂತು, ಸರಕು ಹಳೇ ಸಾಮಾನಿನ ಅಂಗಡಿ ಸೇರಿತು. ಅಲ್ಲಿಂದ ಅಗ್ಗಕ್ಕೆ ಕೊಂಡ ಷಿಕಾಗೋ ನಗರದ ಯುವಕರು ಅದರ ವಿಚಿತ್ರ ಕೂಗನ್ನೇ ಮುಂದಿಟ್ಟುಕೊಂಡು ಹೊಸ ನೃತ್ಯಸಂಗೀತ ಹುಟ್ಟಿಸಿದರು. ಆ ಬಗೆಯ ಪ್ರಸಿದ್ಧ ಧ್ವನಿಮುದ್ರಿಕೆ ಬಂದದ್ದು 1987ರಲ್ಲಿ.

ಅವರಿಗಿಂತ ಐದು ವರ್ಷ ಮುಂಚೆ ಈ ಯಂತ್ರವನ್ನು ಸಂಗೀತಕ್ಕೆ ದುಡಿಸಿದವರು ನಮ್ಮ ಮುಂಬಯಿಯಲ್ಲೇ ಇದ್ದರೆಂಬುದು ಎಷ್ಟು ಮಂದಿಗೆ ಗೊತ್ತು? ಅವರು ಚರಣ್‌ಜಿತ್ ಸಿಂಗ್. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್, ಬೇಸ್ ಗಿಟಾರ್ ನುಡಿಸುತ್ತಿದ್ದವರು. 1982ರಲ್ಲಿ 303ನ್ನೂ, ಅದೇ ಕಂಪನಿಯ ಟಿ.ಆರ್.-808 ಡ್ರಮ್ ಯಂತ್ರವನ್ನೂ ಇಟ್ಟುಕೊಂಡು, ಡಿಸ್ಕೊ ತಾಳಕ್ಕೆ ಹತ್ತು ರಾಗಗಳನ್ನು ನುಡಿಸಿ ಒಂದು ಎಲ್.ಪಿ. ತಟ್ಟೆ ಹೊರತಂದರು. ಆಗ ಕೇಳುವವರಿರಲಿಲ್ಲ. 2010ರಲ್ಲಿ ಅದು ಮರುಮುದ್ರಣವಾದಾಗ ಯುರೋಪಿನವರು ಬೆರಗಾದರು. ಸಿಂಗ್ 2015ರಲ್ಲಿ ತೀರಿಕೊಂಡರು. ಬೇಸ್ ವಾದಕನನ್ನು ಹೊರಹಾಕಲು ಹುಟ್ಟಿದ ಪೆಟ್ಟಿಗೆಯನ್ನು ಬೇಸ್ ವಾದಕರೊಬ್ಬರೇ ಕೊಂಡುತಂದು ಪಳಗಿಸಿದ ಈ ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. ಆದರೆ ಇದೇ ನಗರದ ಸ್ಟುಡಿಯೋಗಳಲ್ಲಿ ಮುಂದಿನ ದಶಕದಲ್ಲಿ ಯಂತ್ರಗಳು ಹೆಚ್ಚಿ, ದೊಡ್ಡ ವಾದ್ಯವೃಂದಗಳು ಕರಗಿ, ಅನೇಕ ವಾದಕರು ಕೆಲಸ ಕಳೆದುಕೊಂಡರೆಂಬುದನ್ನೂ ಮರೆಯುವಂತಿಲ್ಲ.

ಬೆಂಗಳೂರಿನ ಪಾಲೂ ಈ ಚರಿತ್ರೆಯಲ್ಲಿದೆ. ಎಚ್.ಎ.ಎಲ್.ನಲ್ಲಿ ಇಂಜಿನಿಯರಾಗಿದ್ದ, ಕೊಳಲು ವಾದಕರೂ ಆದ ಜಿ. ರಾಜನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಯಿಂದ ಆರಂಭಿಸಿ, ಮುಂದೆ ರಾಡೆಲ್ ಕಂಪನಿಯ ‘ತಾಳಮಾಲಾ’ ಎಂಬ ತಬಲಾ ಯಂತ್ರವನ್ನೂ, ಕರ್ನಾಟಕ ಸಂಗೀತದವರಿಗೆ ‘ತಾಳೋಮೀಟರ್’ ಎಂಬುದನ್ನೂ ಕೊಟ್ಟರು. ಊರು ಬಿಟ್ಟು ದೂರದಲ್ಲಿ ನೆಲೆಸಿ, ಪಕ್ಕವಾದ್ಯಕ್ಕೆ ಜನ ಸಿಗದ ನಮ್ಮಂಥವರ ಎಷ್ಟೋ ಮನೆಗಳಲ್ಲಿ ಆ ಪೆಟ್ಟಿಗೆಗಳೇ ತಂಬೂರಿ, ತಬಲಾ ಎರಡೂ ಆಗಿವೆ. ಮನೆಯಲ್ಲಿ ತಾಳಮಾಲಾ ಇದ್ದರೆ ಬೇಸ್ ಕಲಿಯುವವನು ಅದರ ಜೊತೆಗೂ ಲೆಕ್ಕ ಕಲಿಯಬಹುದು. ಎಂಟು ಅಕ್ಷರದ ಆದಿತಾಳಕ್ಕೂ ಪಾಶ್ಚಾತ್ಯರ ನಾಲ್ಕರ ನಡೆಗೂ ಹೊಂದಾಣಿಕೆ ಕಷ್ಟವಲ್ಲ. ಆದರೆ ದೊಡ್ಡ ಡ್ರಮ್ಮಿನ ಆ ಕಾಲಪೆಟ್ಟು ಅದರಲ್ಲಿ ಸಿಗದು.

ಬೇಸ್ ವಾದಕನಿಗೆಂದೇ ಆದ ಕಿರುಪೆಟ್ಟಿಗೆ ಇನ್ನೊಂದು ದಾರಿಯಿಂದ ಬಂತು. ಇಂಜಿನಿಯರಿಂಗ್ ಓದಿದ್ದ ಅಮೆರಿಕದ ಗಿಟಾರ್ ವಾದಕ ಟಾಮ್ ಷೋಲ್ಜ್ 1982ರಲ್ಲಿ ‘ರಾಕ್‌ಮನ್’ ಎಂಬುದನ್ನು ತಂದರು. ಸೊಂಟಕ್ಕೆ ಸಿಕ್ಕಿಸಿ, ಹೆಡ್‌ಫೋನಿನಲ್ಲಿ ತನ್ನ ವಾದ್ಯವನ್ನು ತಾನೇ ಕೇಳುವ ಸಾಧನ. ಬೇಸಿಗೂ ಅದರದೊಂದು ಮಾದರಿ ಬಂತು. ಡ್ರಮ್ ಮಾತ್ರ ಇರಲಿಲ್ಲ. 90ರ ದಶಕದಲ್ಲಿ ಕೊರ್ಗ್‌ನವರ ‘ಪಂಡೋರಾ’ ಹೆಡ್‌ಫೋನು, ಡ್ರಮ್ ನಡೆ ಎರಡನ್ನೂ ಅಂಗೈಯಗಲದ ಪೆಟ್ಟಿಗೆಯಲ್ಲಿ ಕೂಡಿಸಿತು. ಆಮೇಲೆ ಬಂದ ವೋಕ್ಸ್ ‘ಆಂಪ್ಲಗ್’ ನೇರವಾಗಿ ಗಿಟಾರಿಗೇ ಚುಚ್ಚುವಂಥದ್ದು. ಅದರ ಎರಡನೆಯ ಪೀಳಿಗೆಯ ಬೇಸ್ ಮಾದರಿಯಲ್ಲಿ ಕೆಲವು ನಡೆಗಳು ಸಿದ್ಧವಾಗಿರುತ್ತವೆ. ಜೂಮ್ ಕಂಪನಿಯ ಬೇಸ್ ಪೆಡಲುಗಳಲ್ಲಿ ನಡೆಗಳು ಇನ್ನೂ ಹೆಚ್ಚು.

ಆಯ್ಕೆಯ ವಿಷಯಕ್ಕೆ ಬಂದರೆ, ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ನಮ್ಮ ಕ್ವಾರ್ಟರ್ಸಿನ ಕೋಣೆಗಿಂತ ದೊಡ್ಡದು. ಅಂಗೈಯಗಲದ ಸ್ಪೀಕರಿನಿಂದ ಅದು ಹೊರಡಲಾರದು. ದೊಡ್ಡ ಡ್ರಮ್ಮಿನ ಪೆಟ್ಟಿನ ತಿರುಳೂ ಅಲ್ಲೇ ಆಸುಪಾಸಿನದು. ಹಾಗಾಗಿ ಸಣ್ಣ ಸ್ಪೀಕರಿನಲ್ಲಿ ಕೇಳಿದರೆ, ಯಾವ ಎರಡು ನಾದಗಳು ಕೂಡಬೇಕೋ ಆ ಎರಡೇ ಮಾಯವಾಗಿ, ಉಳಿಯುವುದು ತಾಳದ ಚಿಲಿಪಿಲಿ. ದೊಡ್ಡ ಸ್ಪೀಕರ್ ತಂದರೆ ಮಂದ್ರನಾದ ಗೋಡೆ ದಾಟಿ ಪಕ್ಕದ ಮನೆಯ ಪಾತ್ರೆ ನಡುಗಿಸುತ್ತದೆ. ಒಳ್ಳೆಯ ಹೆಡ್‌ಫೋನೇ ಗತಿ; ಖರ್ಚಿನ ಅರ್ಧ ಅದಕ್ಕೇ ಹೋದರೂ ಚಿಂತೆಯಿಲ್ಲ.

ಅದು ತಂತಿಯದ್ದೇ ಇರಬೇಕು. ನಿಮಿಷಕ್ಕೆ 100 ಪೆಟ್ಟಿನ ವೇಗದಲ್ಲಿ ಒಂದು ಪೆಟ್ಟಿಗೆ 600 ಮಿಲಿಸೆಕೆಂಡು, ಅದರ ಕಾಲುಭಾಗ 150. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನು ಹೆಚ್ಚುಕಡಿಮೆ ಅಷ್ಟೇ ತಡ ಮಾಡುತ್ತದೆ. ಈಗ ಮೀಟಿದ ಸ್ವರ ಕಾಲು ಪೆಟ್ಟು ತಡವಾಗಿ ಕಿವಿಗೆ ಬಿದ್ದರೆ ಎಂಥವನಿಗೂ ಲಯ ತಪ್ಪುತ್ತದೆ.

ನಡೆಗಳ ಸಂಖ್ಯೆ ನೋಡಿ ಮರುಳಾಗಬೇಡಿ. ನೂರಿದ್ದರೂ ದಿನವೂ ಬೇಕಾಗುವುದು ನಾಲ್ಕೈದು. ವೇಗವನ್ನು 40ರವರೆಗೆ ಇಳಿಸಲು ಬರುತ್ತದೆಯೇ, ಡ್ರಮ್ಮಿನ ಸದ್ದನ್ನು ಬೇಸಿನ ಸದ್ದಿನಿಂದ ಬೇರೆಯಾಗಿ ಹೆಚ್ಚುಕಡಿಮೆ ಮಾಡಬಹುದೇ, ಮಾಮೂಲಿ ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆಯೇ, ಇವಿಷ್ಟನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಹೋಗುವಾಗ ಮಕ್ಕಳ ಬೇಸ್ ಗಿಟಾರನ್ನೂ ಜೊತೆಗೆ ಒಯ್ಯಿರಿ. ಅಂಗಡಿಯವನ ಗಿಟಾರಿನಲ್ಲಿ ಎಲ್ಲ ಯಂತ್ರವೂ ಚೆನ್ನಾಗಿಯೇ ಕೇಳುತ್ತದೆ.