ಪ್ರೋಟೀನಿನ ರಚನಾ ಸ್ತರಗಳು ಮತ್ತು ಅವುಗಳನ್ನು ಹಿಡಿದಿಡುವ ಬಂಧಗಳು

ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಈ ಸರಪಳಿ ತನಗೆ ತಕ್ಕ ಆಕಾರಕ್ಕೆ ಮಡಚಿಕೊಂಡ ಮೇಲಷ್ಟೇ ಬಹುಪಾಲು ಪ್ರೋಟೀನುಗಳು ಕೆಲಸಕ್ಕೆ ಬರುತ್ತವೆ. ರಚನೆಯನ್ನು ಪ್ರಾಥಮಿಕ, ದ್ವಿತೀಯಕ, ತೃತೀಯಕ ಎಂದು ವಿಂಗಡಿಸಿದವರು ಡೆನ್ಮಾರ್ಕಿನ ಲಿಂಡರ್‌ಸ್ಟ್ರಾಮ್-ಲಾಂಗ್; ಚತುರ್ಥಕ ಎಂಬ ನಾಲ್ಕನೆಯ ಸ್ತರವನ್ನು 1958ರಲ್ಲಿ ಜೆ.ಡಿ. ಬರ್ನಾಲ್ ಸೇರಿಸಿದರು. ಸರಪಳಿಯನ್ನು ಹೆಣೆಯುವ ಬಂಧಗಳು ಗಟ್ಟಿ, ಅದಕ್ಕೆ ಆಕಾರ ಕೊಡುವ ಬಂಧಗಳು ದುರ್ಬಲ. ಪ್ರೋಟೀನಿನ ಅನೇಕ ಗುಣಗಳು ಈ ವ್ಯತ್ಯಾಸದಿಂದ ಹುಟ್ಟುತ್ತವೆ. ಮೊಟ್ಟೆ ಬೇಯಿಸಿದಾಗ ಬಿಳಿಭಾಗ ಗಟ್ಟಿಯಾಗುತ್ತದೆ. ಆಗ ಅದರ ಪ್ರೋಟೀನುಗಳ ಮಡಿಕೆ ಬಿಚ್ಚಿ ಅವು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಆದರೆ ಅಮೈನೋ ಆಮ್ಲಗಳನ್ನು ಜೋಡಿಸಿದ ಪೆಪ್ಟೈಡ್ ಬಂಧಗಳಿಗೆ ಏನೂ ಆಗುವುದಿಲ್ಲ.

ಪ್ರಾಥಮಿಕ ರಚನೆ ಎಂದರೆ ಅಮೈನೋ ಆಮ್ಲಗಳ ಅನುಕ್ರಮ. ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್‌ನ 51 ಅಮೈನೋ ಆಮ್ಲಗಳ ಕ್ರಮವನ್ನು ಬಿಡಿಸಿ, ಪ್ರತಿ ಪ್ರೋಟೀನಿಗೂ ತನ್ನದೇ ಖಚಿತ ಅನುಕ್ರಮವಿದೆಯೆಂದು ತೋರಿಸಿದರು. ಪೆಪ್ಟೈಡ್ ಬಂಧಕ್ಕೆ ಅರೆ ದ್ವಿಬಂಧದ ಗುಣವಿರುವುದರಿಂದ ಅದರ ಸುತ್ತಲಿನ ಪರಮಾಣುಗಳು ಒಂದೇ ಸಮತಲದಲ್ಲಿರುತ್ತವೆ. ಸರಪಳಿ ತಿರುಗಬಲ್ಲದ್ದು ಅದರ ಅಕ್ಕಪಕ್ಕದ ಎರಡು ಬಂಧಗಳಲ್ಲಿ ಮಾತ್ರ. ಅಲ್ಲಿಯೂ ಹೆಚ್ಚಿನ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಕುತ್ತವೆ. ಯಾವ ಕೋನಗಳು ಸಾಧ್ಯ, ಯಾವುವು ಅಸಾಧ್ಯ ಎಂಬುದನ್ನು 1963ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಒಂದೇ ನಕ್ಷೆಯಲ್ಲಿ ತೋರಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ಅವರೇ. ಹೊಸದಾಗಿ ಬಿಡಿಸಿದ ಪ್ರತಿ ಪ್ರೋಟೀನ್ ರಚನೆಯನ್ನೂ ಇಂದಿಗೂ ಆ ನಕ್ಷೆಯಲ್ಲಿಟ್ಟು ಪರಿಶೀಲಿಸುತ್ತಾರೆ. ಲೈನಸ್ ಪಾಲಿಂಗ್ ತಂಡ 1951ರಲ್ಲಿ ಸೂಚಿಸಿದ, ಪ್ರತಿ ಸುತ್ತಿನಲ್ಲಿ 3.6 ಅಮೈನೋ ಆಮ್ಲಗಳಿರುವ ಆಲ್ಫಾ ಸುರುಳಿ ಮತ್ತು ಬೀಟಾ ಹಾಳೆ ಎಂಬ ದ್ವಿತೀಯಕ ರಚನೆಗಳು ಬೀಳುವುದು ಅದರ ಅನುಮತಿತ ವಲಯಗಳಲ್ಲೇ.

ಸುರುಳಿಯನ್ನೂ ಹಾಳೆಯನ್ನೂ ಹಿಡಿದಿಡುವುದು ಹೈಡ್ರೋಜನ್ ಬಂಧ. ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ: ಬಿಚ್ಚಿಕೊಂಡ ಸರಪಳಿಯೂ ಸುತ್ತಲಿನ ನೀರಿನೊಡನೆ ಅಂಥದ್ದೇ ಬಂಧಗಳನ್ನು ಹೊಂದಬಲ್ಲದು, ಹಾಗಿರುವಾಗ ಮಡಚಿಕೊಂಡು ಲಾಭವೇನು? ಮಡಿಕೆಗೆ ಮುಖ್ಯ ಪ್ರೇರಣೆ ಬೇರೆಯದು. ಅಮೈನೋ ಆಮ್ಲಗಳ, ನೀರಿಗೆ ಒಗ್ಗದ ಪಾರ್ಶ್ವಗುಂಪುಗಳು ಒಳಗೆ ಸೇರಿಕೊಂಡರೆ ಅವುಗಳ ಸುತ್ತ ಕಟ್ಟುನಿಟ್ಟಾಗಿ ನಿಂತಿದ್ದ ನೀರಿನ ಅಣುಗಳು ಬಿಡುಗಡೆಯಾಗುತ್ತವೆ. 1959ರಲ್ಲಿ ವಾಲ್ಟರ್ ಕೌಜ್‌ಮನ್ ಒತ್ತಿ ಹೇಳಿದ್ದು ಇದನ್ನೇ. ಆದರೆ ಪಾರ್ಶ್ವಗುಂಪುಗಳ ಜೊತೆಗೆ ಸರಪಳಿಯ ಬೆನ್ನೂ ಒಳಗೆ ಹೋಗಲೇಬೇಕು. ಅಲ್ಲಿ ನೀರಿಲ್ಲದ ಕಾರಣ ಅದರ ಭಾಗಗಳು ಪರಸ್ಪರವೇ ಹೈಡ್ರೋಜನ್ ಬಂಧ ಕಟ್ಟಿಕೊಳ್ಳದಿದ್ದರೆ ನಷ್ಟ ದೊಡ್ಡದು. ಸುರುಳಿ ಮತ್ತು ಹಾಳೆಗಳು ಎಲ್ಲೆಲ್ಲೂ ಕಾಣುವುದು ಇದರಿಂದಾಗಿ.

ತೃತೀಯಕ ಮಡಿಕೆಯಲ್ಲಿ, ಅಂದರೆ ಇಡೀ ಸರಪಳಿಯ ಆಕಾರದಲ್ಲಿ, ಅಯಾನಿಕ ಬಂಧ, ವಾಂಡರ್ ವಾಲ್ಸ್ ಆಕರ್ಷಣೆಗಳ ಜೊತೆಗೆ ಎರಡು ಗಂಧಕಗಳ ನಡುವಿನ ಗಟ್ಟಿಯಾದ ಡೈಸಲ್ಫೈಡ್ ಬಂಧವೂ ಇರಬಹುದು. ಹಾಗಾದರೆ ಆಕಾರವನ್ನು ನಿರ್ಧರಿಸುವುದು ಅದೇ ಅಲ್ಲವೇ? ಕ್ರಿಶ್ಚಿಯನ್ ಆನ್‌ಫಿನ್‌ಸನ್ ರೈಬೋನ್ಯೂಕ್ಲಿಯೇಸ್ ಮೇಲೆ ನಡೆಸಿದ ಪ್ರಯೋಗ ಅಲ್ಲವೆನ್ನುತ್ತದೆ. 124 ಅಮೈನೋ ಆಮ್ಲಗಳ ಈ ಕಿಣ್ವದಲ್ಲಿ ನಾಲ್ಕು ಡೈಸಲ್ಫೈಡ್ ಬಂಧಗಳಿವೆ. ದುರ್ಬಲ ಬಂಧಗಳನ್ನು ಬಿಡಿಸುವ ಯೂರಿಯಾ ಮತ್ತು ಡೈಸಲ್ಫೈಡನ್ನು ಮುರಿಯುವ ಮರ್ಕ್ಯಾಪ್ಟೋಎಥನಾಲ್ ಬೆರೆಸಿ ಅದನ್ನು ಪೂರ್ತಿ ಬಿಚ್ಚಿದ ಮೇಲೆ, ಯೂರಿಯಾ ಇರುವಾಗಲೇ ಗಂಧಕಗಳು ಮತ್ತೆ ಕೂಡಿಕೊಳ್ಳಲು ಬಿಟ್ಟರೆ 105 ಬಗೆಯ ಜೋಡಣೆಗಳಿಗೆ ಅವಕಾಶವಿರುತ್ತದೆ. ಕಿಣ್ವದ ಚಟುವಟಿಕೆ ಶೇ. 1ರ ಆಸುಪಾಸಿನಲ್ಲೇ ಉಳಿಯುತ್ತದೆ. ಯೂರಿಯಾ ತೆಗೆದು ಮರ್ಕ್ಯಾಪ್ಟೋಎಥನಾಲನ್ನು ಚೂರು ಉಳಿಸಿದರೆ, ತಪ್ಪು ಜೋಡಿಗಳು ಬಿಚ್ಚಿ ಸರಿಯಾದ ನಾಲ್ಕೇ ಮೂಡುತ್ತವೆ. ದಾರಿ ತೋರುವುದು ದುರ್ಬಲ ಬಂಧಗಳು. ಡೈಸಲ್ಫೈಡ್ ಅದಕ್ಕೆ ಬೀಗ ಹಾಕುತ್ತದೆ. ಜೀವಕೋಶದಲ್ಲಿ ಸಹಾಯಕ ಪ್ರೋಟೀನುಗಳು ಮಡಿಕೆಗೆ ನೆರವಾಗುತ್ತವೆಂಬುದು ನಿಜ. ಅವು ಸರಪಳಿಗಳು ತಪ್ಪಾಗಿ ಅಂಟಿಕೊಳ್ಳದಂತೆ ಕಾಯುತ್ತವೆ, ಆಕಾರದ ಸೂಚನೆಯನ್ನು ಹೊರಗಿನಿಂದ ತರುವುದಿಲ್ಲ.

ಮಡಿಕೆಯ ನಿವ್ವಳ ಸ್ಥಿರತೆ ಸಾಮಾನ್ಯವಾಗಿ ಮೋಲ್‌ಗೆ 20ರಿಂದ 60 ಕಿಲೋಜೂಲ್. ಒಂದೇ ಒಂದು ಇಂಗಾಲ-ಇಂಗಾಲ ಬಂಧ ಮುರಿಯಲು ಸುಮಾರು 350 ಬೇಕು. ಇಷ್ಟು ತೆಳುವಾದ ಅಂಚು ದೌರ್ಬಲ್ಯವೆಂದು ತೋರಬಹುದು. ಹಲವು ಸರಪಳಿಗಳು ಕೂಡಿದ ಚತುರ್ಥಕ ರಚನೆಯ ಹಿಮೋಗ್ಲೋಬಿನ್ ಇದಕ್ಕೆ ಉತ್ತರ. ಅದರ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳು ಕೂಡಿರುವುದು ಬರೀ ದುರ್ಬಲ ಬಂಧಗಳಿಂದ. ಆಮ್ಲಜನಕ ಸೇರುತ್ತ ಹೋದಂತೆ ಸರಪಳಿಗಳ ನಡುವಿನ ಕೆಲವು ಅಯಾನಿಕ ಬಂಧಗಳು ಮುರಿದು, ಒಂದು ಜೋಡಿ ಇನ್ನೊಂದರ ಎದುರು ಸುಮಾರು 15 ಡಿಗ್ರಿ ತಿರುಗುತ್ತದೆ, ಉಳಿದ ತಾಣಗಳು ಆಮ್ಲಜನಕವನ್ನು ಇನ್ನಷ್ಟು ಸುಲಭವಾಗಿ ಹಿಡಿಯುತ್ತವೆ. ಅಂಗಾಂಶಗಳಲ್ಲಿ ಅದೇ ಬಂಧಗಳು ಮತ್ತೆ ಕೂಡಿ ಆಮ್ಲಜನಕವನ್ನು ಬಿಟ್ಟುಕೊಡುತ್ತವೆ.